ವಿದೇಶ ಪ್ರವಾಸದಲ್ಲಿ ಕ್ಯಾಮೆರಾ, ಲೆನ್ಸ್ ಕೊಳ್ಳೋದು ಹೇಗೆ? ಮನೆಯ ಲೆಕ್ಕದಿಂದ ಕಸ್ಟಮ್ಸ್ ಬಾಗಿಲವರೆಗೆ

ಒಂದು ಸಲ ಪ್ರವಾಸದ ಕೊನೆಯ ಸಂಜೆ ಒಂದು ಝೂಮ್ ಲೆನ್ಸ್ ಕೊಂಡೆ. ಅಂಗಡಿ ಮುಚ್ಚೋಕೆ ಇಪ್ಪತ್ತು ನಿಮಿಷ ಇತ್ತು, ಬೆಳಿಗ್ಗೆ ವಿಮಾನ. ಡಬ್ಬಿ ಸೀಲ್ ಆಗಿತ್ತು, ಹೊಸದು, ಇನ್ನೇನು ನೋಡೋದು ಅಂತ ಹಾಗೇ ಬ್ಯಾಗಿಗೆ ಹಾಕಿಕೊಂಡೆ. ಮನೆಗೆ ಬಂದ ಮೇಲೆ ಒಂದು ಗುಂಪು ಫೋಟೋ ತೆಗೆದೆ. ಎಡಗಡೆ ನಿಂತವರ ರೆಪ್ಪೆಗೂದಲು ಎಣಿಸಬಹುದಿತ್ತು. ಬಲಗಡೆ ನಿಂತವರು ಮಂಜಿನೊಳಗೆ ಇದ್ದ ಹಾಗಿದ್ದರು. ಲೆನ್ಸಿನ ಒಳಗೆ ಯಾವುದೋ ಒಂದು ಗಾಜು ಓರೆಯಾಗಿ ಕೂತಿತ್ತು. ಅಂಗಡಿಯವರು ಮೋಸ ಮಾಡಿರಲಿಲ್ಲ, ಕಾರ್ಖಾನೆಯಿಂದಲೇ ಹಾಗೆ ಬಂದಿತ್ತು. ನಾನು ಆ ಊರಲ್ಲೇ ಇದ್ದಿದ್ದರೆ ಮರುದಿನ ಬದಲಾಯಿಸಿ ಕೊಡುತ್ತಿದ್ದರು. ಆದರೆ ನಾನು ಆಗಲೇ ಬೇರೆ ಖಂಡದಲ್ಲಿದ್ದೆ.

ನಮ್ಮ ದೇಶದಲ್ಲಿ ಕೊಂಡ ವಸ್ತು ಕೈಕೊಟ್ಟರೆ ಮತ್ತೆ ಅಂಗಡಿ ಮೆಟ್ಟಿಲು ಹತ್ತಬಹುದು. ಪ್ರವಾಸದಲ್ಲಿ ಆ ಅವಕಾಶ ವಿಮಾನ ಹತ್ತುವ ತನಕ ಮಾತ್ರ. ಕೆಳಗಿನ ಹಂತಗಳೆಲ್ಲ ಇದೊಂದು ಮಾತಿನ ಸುತ್ತಲೇ ಇವೆ.

ಹಂತ 1: ನಿಜಕ್ಕೂ ಅಗ್ಗವಾ? ಹೊರಡುವ ಮುಂಚೆ ಲೆಕ್ಕ ಹಾಕಿ

"ಅಲ್ಲಿ ತುಂಬಾ ಚೀಪು" ಅಂತ ಯಾರೋ ಹೇಳಿದ ಕೂಡಲೇ ಸೂಟ್‌ಕೇಸಿನಲ್ಲಿ ಜಾಗ ಬಿಡಬೇಡಿ. ಒಂದು ಹಾಳೆ ತಗೊಳ್ಳಿ. ಎಡಕ್ಕೆ ನಿಮ್ಮ ದೇಶದಲ್ಲಿ ಅದೇ ಮಾಡೆಲ್ ಇವತ್ತು ನಿಜವಾಗಿ ಎಷ್ಟಕ್ಕೆ ಸಿಗುತ್ತೆ ಅಂತ ಬರೆಯಿರಿ. ಡಬ್ಬಿ ಮೇಲೆ ಅಚ್ಚು ಹಾಕಿದ ಬೆಲೆ ಬೇಡ. ಬಲಕ್ಕೆ ಹೊರದೇಶದ ಬೆಲೆ. ಅದರ ಕೆಳಗೆ ಸಾಲಾಗಿ ಕಾರ್ಡಿನ ಶುಲ್ಕ, ವಾಪಸ್ ಬರುವ ತೆರಿಗೆ (ಮಾಲನ್ನು ಹೊರಗೆ ಒಯ್ಯುವ ಪ್ರವಾಸಿಗೆ ಕೆಲವು ದೇಶಗಳು ಮಾರಾಟ ತೆರಿಗೆ ವಾಪಸ್ ಕೊಡುತ್ತವೆ), ಮನೆಗೆ ಬಂದಾಗ ಕಟ್ಟಬೇಕಾದ ಸುಂಕ.

ಬೆಲೆ ನೋಡುವಾಗ ಅದರಲ್ಲಿ ತೆರಿಗೆ ಸೇರಿದೆಯಾ ಅಂತ ಗಮನಿಸಿ. ಯುರೋಪಿನ ಅಂಗಡಿಗಳಲ್ಲಿ ಚೀಟಿ ಮೇಲಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತೆ. ಅಮೆರಿಕದಲ್ಲಿ ಸೇರಿರಲ್ಲ, ಬಿಲ್ ಹಾಕುವಾಗ ಸೇಲ್ಸ್ ಟ್ಯಾಕ್ಸ್ ಮೇಲೆ ಬೀಳುತ್ತೆ. ಒರೆಗಾನ್, ಮೊಂಟಾನದಂಥ ಕೆಲವೇ ರಾಜ್ಯಗಳಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸ್ ಇಲ್ಲ. ಹಾಂಗ್‌ಕಾಂಗ್‌ನಲ್ಲಂತೂ ಮಾರಾಟ ತೆರಿಗೆ ಅನ್ನೋದೇ ಇಲ್ಲ. ಅಲ್ಲಿ ಯಾರಾದರೂ "ನಿಮಗೆ ಮಾತ್ರ ಟ್ಯಾಕ್ಸ್ ಫ್ರೀ" ಅಂದರೆ ಸುಮ್ನೆ ನಕ್ಕು ಮುಂದೆ ಹೋಗಿ.

ತೆರಿಗೆ ವಾಪಸಿನ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಜರ್ಮನಿಯಲ್ಲಿ ವ್ಯಾಟ್, ಅಂದರೆ ಅಲ್ಲಿನ ಮಾರಾಟ ತೆರಿಗೆ, ಶೇ 19. ಹಾಗಂತ ಬಿಲ್ಲಿನ ಶೇ 19 ಕೈಗೆ ಬರಲ್ಲ. 1,190 ಯೂರೋ ಬಿಲ್ ಆದರೆ ಅದರಲ್ಲಿ ತೆರಿಗೆ 190, ಅಂದರೆ ಬಿಲ್ಲಿನ ಶೇ 16. ಅದರಲ್ಲೂ ರೀಫಂಡ್ ಮಾಡಿಸುವ ಮಧ್ಯದ ಕಂಪನಿ ತನ್ನ ಪಾಲು ಹಿಡಿದುಕೊಳ್ಳುತ್ತೆ. ಕೊನೆಗೆ ಉಳಿಯೋದು ಇನ್ನೂ ಕಡಿಮೆ.

ಎಲ್ಲ ಕೂಡಿ ಕಳೆದ ಮೇಲೆ ಉಳಿತಾಯ ಶೇ 10ಕ್ಕಿಂತ ಕಡಿಮೆ ಬಂದರೆ ನಾನು ಮನೆ ಹತ್ತಿರದ ಅಂಗಡಿಗೇ ಹೋಗ್ತೀನಿ. ಹತ್ತಿರದ ವಾರಂಟಿಗೆ ಅಷ್ಟು ಬೆಲೆ ಇದೆ ಅಂತ ನನ್ನ ಲೆಕ್ಕ. ನಿಮ್ಮ ಲೆಕ್ಕ ಬೇರೆ ಇರಬಹುದು. ಆದರೆ ಒಂದು ಸಂಖ್ಯೆ ಮೊದಲೇ ಗಟ್ಟಿ ಮಾಡಿಕೊಂಡು ಹೊರಡಿ. ಅಂಗಡಿಯ ಬೆಳಕಿನಲ್ಲಿ ನಿಂತಾಗ ಎಲ್ಲವೂ ಅಗ್ಗವಾಗೇ ಕಾಣುತ್ತೆ.

ಇಷ್ಟೆಲ್ಲ ಹೇಳಿದ ಮೇಲೂ ಹೊರದೇಶದಲ್ಲೇ ಕೊಳ್ಳಬೇಕಾದ ವಸ್ತುಗಳಿವೆ. ನಿಮ್ಮಲ್ಲಿಗೆ ಬರದ ಮಾಡೆಲ್, ಕಂಪನಿ ಮಾಡೋದನ್ನೇ ನಿಲ್ಲಿಸಿದ ಲೆನ್ಸ್, ಜಪಾನಿನ ಸೆಕೆಂಡ್ ಹ್ಯಾಂಡ್ ಮಾಲು, ಇವಕ್ಕೆ ಬೆಲೆಯ ಹೋಲಿಕೆಯೇ ಬೇರೆ.

ಹಂತ 2: ಪೂರ್ತಿ ಹೆಸರು ಬರೆದುಕೊಳ್ಳಿ

"ಕ್ಯಾನನ್ 70-200 ಎಫ್2.8 ಕೊಡಿ" ಅಂದರೆ ಸಾಲದು. ಹಳೆಯ ಇಎಫ್ ಮೌಂಟಿನಲ್ಲೇ (ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜೋಡಣೆ) ಆ ಲೆನ್ಸಿನ ನಾಲ್ಕು ಆವೃತ್ತಿ ಬಂದಿವೆ: ಐಎಸ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇಲ್ಲದ್ದು, ಐಎಸ್ ಇರುವುದು, ಅದರ ಎರಡನೆಯದು, ಮೂರನೆಯದು. ಅದರ ಮೇಲೆ ಹೊಸ ಆರ್‌ಎಫ್ ಮೌಂಟಿನವು. ಬೆಲೆಯಲ್ಲಿ ಅಜಗಜಾಂತರ. ಅಂಗಡಿಯವನು ಹಳೆಯದನ್ನು ತೋರಿಸಿ "ಇದೇ ಅಲ್ವಾ ಸಾರ್" ಅಂದರೆ ಹೂಂ ಅನ್ನೋದು ತುಂಬಾ ಸುಲಭ.

ಹೆಸರಿನ ಒಂದೊಂದು ಅಕ್ಷರವೂ ಮುಖ್ಯ. ಇಎಫ್ ಲೆನ್ಸ್ ಅಡಾಪ್ಟರ್ ಇದ್ದರೆ ಆರ್‌ಎಫ್ ಬಾಡಿಗೆ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಗೆ, ಕೂರುತ್ತೆ, ಆರ್‌ಎಫ್ ಲೆನ್ಸ್ ಇಎಫ್ ಬಾಡಿಗೆ ಕೂರಲ್ಲ. ನಿಕಾನಿನ ಹಳೆಯ ಎಎಫ್-ಡಿ ಲೆನ್ಸುಗಳು ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ಝೆಡ್ ಬಾಡಿಗೆ ಕೂರುತ್ತವೆ, ಆದರೆ ಆಟೋಫೋಕಸ್ ಆಗಲ್ಲ. ಆ ಲೆನ್ಸನ್ನು ತಿರುಗಿಸೋಕೆ ಬಾಡಿಯಲ್ಲಿ ಮೋಟಾರ್ ಬೇಕು, ಅದು ಬಾಡಿಯಲ್ಲೂ ಇಲ್ಲ, ಅಡಾಪ್ಟರಿನಲ್ಲೂ ಇಲ್ಲ. ಇಂಥದ್ದು ಅಂಗಡಿಯಲ್ಲಿ ಹೊಳೆಯಲ್ಲ. ಮನೆಯಲ್ಲೇ ಹುಡುಕಿ ಬರೆದಿಟ್ಟುಕೊಳ್ಳಿ.

ಫೋನಿನಲ್ಲಿ ಒಂದು ಟಿಪ್ಪಣಿ ಸಾಕು: ಪೂರ್ತಿ ಹೆಸರು, ಮೌಂಟ್, ಫಿಲ್ಟರ್ ಅಳತೆ, ಡಬ್ಬಿಯೊಳಗೆ ಏನೇನು ಬರಬೇಕು ಅನ್ನೋ ಪಟ್ಟಿ, ನೀವು ಕೊಡೋಕೆ ಸಿದ್ಧವಿರುವ ಗರಿಷ್ಠ ಬೆಲೆ ಅಲ್ಲಿನ ದುಡ್ಡಿನಲ್ಲಿ. ಡಬ್ಬಿಯ ಪಟ್ಟಿಯನ್ನು ಕಂಪನಿಯ ವೆಬ್‌ಸೈಟಿನಿಂದಲೇ ತಗೊಳ್ಳಿ. ಅದು ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳ್ತೀನಿ.

ಹಂತ 3: ದೇಶ ಬದಲಾದರೆ ಅದೇ ಕ್ಯಾಮೆರಾ ಬೇರೆಯಾಗಬಹುದು

ಹೊರಗಿನಿಂದ ಒಂದೇ ತರ ಕಾಣುವ ಎರಡು ಬಾಡಿಗಳು ಒಳಗೆ ಬೇರೆ ಇರಬಹುದು. ಮೊದಲನೆಯದು ಭಾಷೆ. ಜಪಾನಿನ ಮಾರುಕಟ್ಟೆಗೆ ಬಿಡುವ ಸೋನಿ, ಪ್ಯಾನಸಾನಿಕ್ ಬಾಡಿಗಳಲ್ಲಿ ಹಲವು ಮಾಡೆಲುಗಳ ಮೆನು ಬರೀ ಜಪಾನಿ ಭಾಷೆಯಲ್ಲಿರುತ್ತೆ. ಸೆಟ್ಟಿಂಗ್ ಒಳಗೆ ಎಲ್ಲಿ ಹುಡುಕಿದರೂ ಇಂಗ್ಲಿಷ್ ಸಿಗಲ್ಲ. ಪ್ರವಾಸಿಗರಿಗೆ ಅಂತಲೇ ಬೇರೆ "ಓವರ್‌ಸೀಸ್ ಮಾಡೆಲ್" ಇಟ್ಟಿರುತ್ತಾರೆ. ಅದರ ಬೆಲೆ ಸಾಮಾನ್ಯವಾಗಿ ಜಾಸ್ತಿ. ನೀವು ವೆಬ್‌ಸೈಟಿನಲ್ಲಿ ನೋಡಿ ಖುಷಿಪಟ್ಟ ಬೆಲೆ ಯಾವುದರದ್ದು ಅಂತ ಕೇಳಿ. ಬಾಯಿಮಾತು ನಂಬಬೇಡಿ. ದುಡ್ಡು ಕೊಡುವ ಮುಂಚೆ ಕ್ಯಾಮೆರಾ ಆನ್ ಮಾಡಿಸಿ, ಭಾಷೆಯ ಪಟ್ಟಿ ತೆರೆಸಿ ಕಣ್ಣಾರೆ ನೋಡಿ. ಲೆನ್ಸಿಗೆ ಈ ತಾಪತ್ರಯ ಇಲ್ಲ. ಜಪಾನಿನಲ್ಲಿ ಲೆನ್ಸ್ ಕೊಳ್ಳೋದು ಬಾಡಿ ಕೊಳ್ಳೋದಕ್ಕಿಂತ ನೆಮ್ಮದಿ.

ಎರಡನೆಯದು ವಿಡಿಯೋ. ಕರೆಂಟು 50 ಹರ್ಟ್ಸ್ ಇರುವ ದೇಶಗಳಲ್ಲಿ ಸೆಕೆಂಡಿಗೆ 25, 50 ಫ್ರೇಮಿನಲ್ಲಿ ತೆಗೆಯುತ್ತಾರೆ. 60 ಹರ್ಟ್ಸ್ ದೇಶಗಳಲ್ಲಿ 30, 60. ತಾಳೆಯಾಗದಿದ್ದರೆ ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನಲ್ಲಿ ವಿಡಿಯೋ ಮಿನುಗುತ್ತೆ. ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ 25, 50 ಫ್ರೇಮಿನ ಪಾಲ್, 30, 60 ಫ್ರೇಮಿನ ಎನ್‌ಟಿಎಸ್‌ಸಿ ನಡುವೆ ಬದಲಾಯಿಸಿಕೊಳ್ಳಬಹುದು. ಕೊಳ್ಳುವ ಬಾಡಿಯಲ್ಲಿ ಆ ಸೆಟ್ಟಿಂಗ್ ಇದೆಯಾ ಅಂತ ನೋಡಿದರೆ ಸಾಕು. ಹಾಂ, ಹಳೆಯ ಕ್ಯಾಮೆರಾಗಳಲ್ಲಿ ವಿಡಿಯೋ ಸರಿಯಾಗಿ 29 ನಿಮಿಷ 59 ಸೆಕೆಂಡಿಗೆ ನಿಲ್ಲೋದು ನೋಡಿದ್ದೀರಾ? 30 ನಿಮಿಷ ಮುಟ್ಟಿದರೆ ಯುರೋಪಿನಲ್ಲಿ ಅದನ್ನು ವಿಡಿಯೋ ಕ್ಯಾಮೆರಾ ಅಂತ ಹಿಡಿದು ಜಾಸ್ತಿ ಸುಂಕ ಹಾಕುತ್ತಿದ್ದರು. ಅದಕ್ಕೇ ಒಂದು ಸೆಕೆಂಡ್ ಕಡಿಮೆ. ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವವರು ಇದನ್ನು ನೆನಪಿಡಿ.

ಮೂರನೆಯದು ರೇಡಿಯೋ. ವೈರ್‌ಲೆಸ್ ಮೈಕು, ಫ್ಲ್ಯಾಶ್ ಟ್ರಿಗರ್ (ದೂರದ ಫ್ಲ್ಯಾಶನ್ನು ಹೊತ್ತಿಸುವ ಸಾಧನ) ಇವೆಲ್ಲ ಯಾವುದೋ ತರಂಗದ ಮೇಲೆ ಕೆಲಸ ಮಾಡುತ್ತವೆ, ಯಾವ ತರಂಗಕ್ಕೆ ಅನುಮತಿ ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಪಾಕೆಟ್‌ವಿಝರ್ಡ್ ಟ್ರಿಗರ್‌ಗಳನ್ನೇ ತಗೊಳ್ಳಿ: ಅಮೆರಿಕದ್ದು 344 ಮೆಗಾಹರ್ಟ್ಸ್, ಯುರೋಪಿನದ್ದು 433. ಒಂದು ಇನ್ನೊಂದರ ಜತೆ ಮಾತೇ ಆಡಲ್ಲ. 2.4 ಗಿಗಾಹರ್ಟ್ಸ್ ಮೇಲೆ ಓಡುವ ಟ್ರಿಗರ್, ಮೈಕುಗಳಿಗೆ ಈ ರಗಳೆ ಕಡಿಮೆ. ಯುಎಚ್‌ಎಫ್ ಮೈಕನ್ನು ಮಾತ್ರ ನಾನು ಹೊರದೇಶದಲ್ಲಿ ಕೊಳ್ಳಲ್ಲ, ಅದರ ತರಂಗ ದೇಶಕ್ಕೊಂದು.

ವೋಲ್ಟೇಜ್ ವಿಷಯ ಸರಳ. ಬ್ಯಾಟರಿ ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಇದ್ದರೆ ಪಿನ್ನಿನ ಆಕಾರ ಬದಲಾಯಿಸುವ ಅಡಾಪ್ಟರ್ ಸಾಕು. ಗೋಡೆಯ ಕರೆಂಟಿಗೆ ನೇರ ಹಾಕುವ ದೊಡ್ಡ ಸ್ಟುಡಿಯೋ ಲೈಟುಗಳಲ್ಲಿ ಬರೀ 100 ಅಥವಾ 120 ವೋಲ್ಟಿನವೂ ಇರುತ್ತವೆ. 230 ವೋಲ್ಟಿಗೆ ಹಾಕಿದರೆ ಅವತ್ತೇ ಸುಟ್ಟುಹೋಗುತ್ತೆ.

ಕೊನೆಯದು ವಾರಂಟಿ. "ಇಂಟರ್‌ನ್ಯಾಷನಲ್ ವಾರಂಟಿ ಇದೆ" ಅನ್ನೋದು ಅಂಗಡಿಯವರ ಬಾಯಲ್ಲಿ ತುಂಬಾ ಸಲೀಸಾಗಿ ಬರುವ ಮಾತು. ಅದು ಕಂಪನಿಯ ವಾರಂಟಿಯಾ, ಅಂಗಡಿಯ ವಾರಂಟಿಯಾ? ಅಂಗಡಿಯದ್ದಾದರೆ ನೀವು ಅಲ್ಲಿಗೇ ಕಳಿಸಬೇಕು. ಕಂಪನಿಯದ್ದಾದರೂ ಎಷ್ಟೋ ಸಲ ಕೊಂಡ ದೇಶಕ್ಕೆ ಅಥವಾ ಪ್ರದೇಶಕ್ಕೆ ಮಾತ್ರ. ವಾರಂಟಿ ಕಾರ್ಡು ಕೈಗೆ ತಗೊಂಡು ದೇಶಗಳ ಹೆಸರು ಓದಿ. ಹೊರಡುವ ಮುಂಚೆ ನಿಮ್ಮ ದೇಶದ ಸರ್ವಿಸ್ ಸೆಂಟರಿಗೆ ಒಂದು ಫೋನ್ ಮಾಡಿ, "ಇಂಥ ದೇಶದಲ್ಲಿ ಕೊಂಡ ಬಾಡಿ ತಂದರೆ ದುಡ್ಡು ಕೊಟ್ಟಾದರೂ ರಿಪೇರಿ ಮಾಡ್ತೀರಾ?" ಅಂತ ಕೇಳಿ. ಕೆಲವು ಕಡೆ ಗ್ರೇ ಮಾರ್ಕೆಟ್ ಮಾಲನ್ನು, ಅಂದರೆ ಕಂಪನಿಯ ಅಧಿಕೃತ ದಾರಿ ಬಿಟ್ಟು ಹೊರದೇಶದಿಂದ ಬಂದದ್ದನ್ನು, ದುಡ್ಡು ಕೊಡ್ತೀನಿ ಅಂದರೂ ಮುಟ್ಟಲ್ಲ.

ಹಂತ 4: ದಿನ ಯಾವುದು, ಅಂಗಡಿ ಯಾವುದು

ವಿಮಾನ ಹತ್ತುವ ಊರಿನಲ್ಲಿ, ಹತ್ತುವುದಕ್ಕೆ ಎರಡು ಮೂರು ದಿನ ಮುಂಚೆ. ನನಗೆ ಇದಕ್ಕಿಂತ ಒಳ್ಳೆಯ ಸಮಯ ಗೊತ್ತಿಲ್ಲ. ತುಂಬಾ ಮುಂಚೆ ಕೊಂಡರೆ ಊರೂರು ಹೊತ್ತು ತಿರುಗಬೇಕು, ಕೆಟ್ಟರೆ ಆ ಊರಿಗೇ ವಾಪಸ್ ಬರಬೇಕು. ಕೊನೆಯ ಸಂಜೆ ಕೊಂಡರೆ ಏನಾಗುತ್ತೆ ಅಂತ ಶುರುವಿನಲ್ಲೇ ಹೇಳಿದೆ. ಅಂಗಡಿಯ ವಾರದ ರಜೆ, ಹಬ್ಬದ ರಜೆ ಮೊದಲೇ ನೋಡಿಕೊಳ್ಳಿ.

ಅಂಗಡಿ ಆರಿಸುವಾಗ ಒಂದು ಸುಲಭ ಗುರುತು: ಬೆಲೆ ಚೀಟಿ. ಪ್ರತಿ ವಸ್ತುವಿನ ಮೇಲೂ ಬೆಲೆ ಅಂಟಿಸಿದ್ದರೆ ಒಳಗೆ ಹೋಗಿ. ಶೋಕೇಸಿನಲ್ಲಿ ಕ್ಯಾಮೆರಾ ಮಿನುಗುತ್ತಿದೆ, ಬೆಲೆ ಎಲ್ಲೂ ಇಲ್ಲ, ಬಾಗಿಲಲ್ಲೇ ಒಬ್ಬ ನಿಂತು ಕೈ ಹಿಡಿದು ಕರೀತಾನೆ ಅಂದರೆ ಬೇಡ.

ಪ್ರವಾಸಿಗರ ಬೀದಿಗಳಲ್ಲಿ ನಡೆಯುವ ಆಟ ಹೀಗಿರುತ್ತೆ. ನೀವು ಕೇಳಿದ ಮಾಡೆಲಿಗೆ ನಂಬಲಾರದಷ್ಟು ಕಡಿಮೆ ಬೆಲೆ ಹೇಳ್ತಾರೆ. ನೀವು ಕಾರ್ಡು ಕೊಡ್ತೀರಿ. ಆಮೇಲೆ "ಗೋಡೌನಿನಿಂದ ತರಿಸ್ತೀವಿ, ಹತ್ತು ನಿಮಿಷ ಕೂತಿರಿ" ಅಂತಾರೆ. ಆ ಹತ್ತು ನಿಮಿಷದಲ್ಲಿ ಒಬ್ಬ ಬಂದು ನೀವು ಕೇಳಿದ ಮಾಡೆಲ್ ಎಷ್ಟು ದಂಡ ಅಂತ ವಿವರಿಸ್ತಾನೆ, ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸ್ತಾನೆ. ಪಕ್ಕದಲ್ಲಿ ಇನ್ನೊಂದು ಇಟ್ಟು "ಇದು ನೋಡಿ" ಅಂತಾನೆ. ಆ ಇನ್ನೊಂದರಲ್ಲೇ ಅವರಿಗೆ ಲಾಭ. ಹಾಂಗ್‌ಕಾಂಗ್ ಸರ್ಕಾರ 2013ರಲ್ಲಿ ಜಾರಿಗೆ ತಂದ ತಿದ್ದುಪಡಿಯಲ್ಲಿ ಹೀಗೆ ಒಂದನ್ನು ತೋರಿಸಿ ಇನ್ನೊಂದನ್ನು ಕಟ್ಟುವುದನ್ನೇ ಅಪರಾಧ ಅಂತ ಬರೆದಿದೆ. ಕಾನೂನೇ ಬೇಕಾಯ್ತು ಅಂದರೆ ಆಟ ಎಷ್ಟು ನಡೆದಿರಬೇಕು ನೋಡಿ.

ಇದರ ತಮ್ಮನಂಥ ಇನ್ನೊಂದು ಆಟ ಇದೆ. ಕ್ಯಾಮೆರಾ ಅಗ್ಗಕ್ಕೇ ಕೊಡ್ತಾರೆ, ಡಬ್ಬಿ ತೆಗೆದಾಗ ಬ್ಯಾಟರಿ ಇಲ್ಲ, ಚಾರ್ಜರ್ ಇಲ್ಲ, ಕೊರಳಿನ ಪಟ್ಟಿ ಇಲ್ಲ. "ಅದೆಲ್ಲ ಬೇರೆ ದುಡ್ಡು." ಈಗ ಕೆಲವು ಹೊಸ ಬಾಡಿಗಳ ಜತೆ ಕಂಪನಿಯೇ ಚಾರ್ಜರ್ ಕೊಡಲ್ಲ, ಅದಂತೂ ನಿಜ. ಯಾವುದು ಕಂಪನಿಯ ಜಿಪುಣತನ, ಯಾವುದು ಅಂಗಡಿಯ ಕೈಚಳಕ ಅಂತ ಗೊತ್ತಾಗೋದು ಫೋನಿನಲ್ಲಿ ಬರೆದಿಟ್ಟ ಪಟ್ಟಿಯಿಂದಲೇ.

ಹಂತ 5: ಕೌಂಟರಿನಲ್ಲಿ ಅರ್ಧ ಗಂಟೆ

ಇದೇ ಇಡೀ ಕೆಲಸದ ತಿರುಳು. ನಾಚಿಕೆ ಬೇಡ, ಅರ್ಜೆಂಟೂ ಬೇಡ. "ಡಬ್ಬಿ ಇಲ್ಲೇ ತೆಗೆದು ಪರೀಕ್ಷೆ ಮಾಡ್ತೀನಿ" ಅಂತ ಬೆಲೆ ಮಾತಾಡುವಾಗಲೇ ಹೇಳಿಬಿಡಿ. ಬೇಡ ಅನ್ನುವ ಅಂಗಡಿ ನಿಮಗೂ ಬೇಡ. ಕೆಲವು ಕಡೆ ದುಡ್ಡು ಕಟ್ಟಿದ ಮೇಲಷ್ಟೇ ಸೀಲ್ ಒಡೆಯೋಕೆ ಬಿಡ್ತಾರೆ. ಹಾಗಾದರೆ ಬದಲಿ ಕೊಡುವ ನಿಯಮ ಏನು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಜತೆಗೆ ಒಂದು ಮೆಮೊರಿ ಕಾರ್ಡು, ಫೋನಿಗೆ ಹಾಕುವ ಕಾರ್ಡ್ ರೀಡರ್, ಚಿಕ್ಕ ಟಾರ್ಚು ಇರಲಿ. ಅದೇ ಜಾತಿಯ ಚಾರ್ಜ್ ಆದ ಬ್ಯಾಟರಿ ನಿಮ್ಮ ಹತ್ತಿರ ಇದ್ದರೆ ಇನ್ನೂ ಒಳ್ಳೇದು.

ಮೊದಲು ಸೀರಿಯಲ್ ನಂಬರು. ಡಬ್ಬಿ ಮೇಲಿನದು, ಬಾಡಿಯ ತಳದಲ್ಲಿರುವುದು, ವಾರಂಟಿ ಕಾರ್ಡಿನದು, ಮೂರೂ ಒಂದೇ ಇರಬೇಕು. ಬಿಲ್ಲಿನಲ್ಲೂ ಅದನ್ನೇ ಬರೆಸಿ.

ಬಾಡಿಯ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ನೋಡೋದು ಹೀಗೆ. ಮುಚ್ಚಳ ಹಾಕಿ, ಒಂದು ಸೆಕೆಂಡಿನ ಫೋಟೋ ತೆಗೆಯಿರಿ. ಫೋನಿಗೆ ಹಾಕಿ ದೊಡ್ಡದು ಮಾಡಿ. ಪೂರ್ತಿ ಕಪ್ಪಿನಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆಗಳು ಎದ್ದು ಕಂಡರೆ ಅವು ಹಾಟ್ ಪಿಕ್ಸೆಲ್. ಒಂದೆರಡು ಇದ್ದರೆ ಎಷ್ಟೋ ಕ್ಯಾಮೆರಾಗಳು ಒಳಗೇ ಸರಿಮಾಡಿಕೊಳ್ಳುತ್ತವೆ. ನಕ್ಷತ್ರ ಚೆಲ್ಲಿದ ಹಾಗಿದ್ದರೆ ಬೇರೆ ಬಾಡಿ ಕೇಳಿ. ಆಮೇಲೆ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಒಳಬಿಡುವ ಕಿಂಡಿ) ಎಫ್/16ಕ್ಕೆ ಹಾಕಿ, ಫೋಕಸ್ ತಪ್ಪಿಸಿ, ಒಂದು ಬಿಳಿ ಹಾಳೆ ತೆಗೆಯಿರಿ. ಬೂದು ಕಲೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ಧೂಳನ್ನು ಒರೆಸಬಹುದು. ಆದರೆ "ಹೊಚ್ಚ ಹೊಸ" ಬಾಡಿಯಲ್ಲಿ ಅಷ್ಟೊಂದು ಧೂಳು ಹೇಗೆ ಬಂತು ಅಂತ ಕೇಳಲೇಬೇಕು.

ಲೆನ್ಸಿನ ಪರೀಕ್ಷೆ ನಾನು ದುಡ್ಡು ಕೊಟ್ಟು ಕಲಿತದ್ದು. ಒಂದು ಚಪ್ಪಟೆ ಗೋಡೆ ಹುಡುಕಿ. ಇಟ್ಟಿಗೆ ಗೋಡೆ ಸಿಕ್ಕರೆ ಸರಿ, ಇಲ್ಲವಾದರೆ ಅಂಗಡಿಯಲ್ಲೇ ಡಬ್ಬಿಗಳನ್ನು ಒತ್ತಾಗಿ ಜೋಡಿಸಿದ ಕಪಾಟು. ಗೋಡೆಗೆ ನೇರವಾಗಿ ನಿಂತು, ಲೆನ್ಸಿನ ಅತಿ ದೊಡ್ಡ ಅಪರ್ಚರ್ (ಅತಿ ಚಿಕ್ಕ ಎಫ್ ಸಂಖ್ಯೆ) ಇಟ್ಟು, ಮಧ್ಯಕ್ಕೆ ಫೋಕಸ್ ಮಾಡಿ ತೆಗೆಯಿರಿ. ಝೂಮ್ ಆದರೆ ಎರಡೂ ತುದಿಯಲ್ಲಿ, ಮಧ್ಯದಲ್ಲಿ. ಈಗ ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಮೂಲೆಗಳು ಮಧ್ಯಕ್ಕಿಂತ ಮೆತ್ತಗಿರೋದು ಸಹಜ. ನಾಲ್ಕೂ ಹೆಚ್ಚುಕಡಿಮೆ ಒಂದೇ ತರ ಮೆತ್ತಗಿದ್ದರೆ ಚಿಂತೆಯಿಲ್ಲ. ಒಂದು ಕಡೆ ಮಾತ್ರ ಮಸುಕಾಗಿದ್ದರೆ ಅನುಮಾನ ಪಡಿ.

ಆದರೆ ನೀವು ಸ್ವಲ್ಪ ಓರೆಯಾಗಿ ನಿಂತಿದ್ದರೂ ಹಾಗೇ ಬರುತ್ತೆ, ಅಲ್ವಾ? ಅದಕ್ಕೆ ಒಂದು ಉಪಾಯ. ನಿಂತ ಜಾಗ ಬಿಡದೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಯನ್ನು ಮತ್ತೆ ತೆಗೆಯಿರಿ. ಮೊದಲ ಫೋಟೋದಲ್ಲಿ ಗೋಡೆಯ ಬಲಭಾಗ ಮಸುಕು ಇತ್ತು ಅಂದುಕೊಳ್ಳಿ. ಈಗಲೂ ಗೋಡೆಯ ಅದೇ ಭಾಗ ಮಸುಕಾಗಿದ್ದರೆ ತಪ್ಪು ನಿಮ್ಮ ನಿಲುವಿನದ್ದು. ಮಸುಕು ಗೋಡೆಯ ಎಡಭಾಗಕ್ಕೆ ಹೋಗಿದ್ದರೆ ಅದು ಕ್ಯಾಮೆರಾದ ಜತೆ ತಿರುಗಿದೆ, ಅಂದರೆ ಓರೆ ಇರೋದು ಲೆನ್ಸಿನಲ್ಲಿ. ಇನ್ನೊಂದು ಪೀಸ್ ಕೇಳಿ.

ಉಳಿದದ್ದು ಬೇಗ ಆಗುತ್ತೆ. ಎಲ್ಲ ಗುಂಡಿ ಒತ್ತಿ, ಎಲ್ಲ ಡಯಲ್ ತಿರುಗಿಸಿ, ಎರಡೂ ಕಾರ್ಡ್ ಸ್ಲಾಟಿನಲ್ಲಿ ಒಂದೊಂದು ಫೋಟೋ ಉಳಿಸಿ, ಎರಡು ನಿಮಿಷ ವಿಡಿಯೋ ತೆಗೆದು ಆಡಿಯೋ ಕೇಳಿ, ವ್ಯೂಫೈಂಡರಿನೊಳಗೆ ಕಣ್ಣಿಟ್ಟು ನೋಡಿ.

ಹಂತ 6: ಸೆಕೆಂಡ್ ಹ್ಯಾಂಡ್ ಆದರೆ

ಹೊರದೇಶದ ಕ್ಯಾಮೆರಾ ಖರೀದಿಯ ನಿಜವಾದ ಮಜಾ ಇರೋದು ಇಲ್ಲಿ. ಟೋಕಿಯೋದ ಶಿಂಜುಕು, ನಕಾನೋ ಕಡೆಯ ಹಳೆ ಕ್ಯಾಮೆರಾ ಅಂಗಡಿಗಳಲ್ಲಿ ಅರ್ಧ ದಿನ ಹೋದದ್ದೇ ಗೊತ್ತಾಗಲ್ಲ. ಅಲ್ಲಿ ಪ್ರತಿ ಲೆನ್ಸಿನ ಪಕ್ಕ ಒಂದು ಚೀಟಿ ಇರುತ್ತೆ, ದೋಷಗಳನ್ನು ಪ್ರಾಮಾಣಿಕವಾಗಿ ಬರೆದಿರುತ್ತಾರೆ. ನಾಲ್ಕು ಪದ ಕಲಿತರೆ ಸಾಕು: ಕಾಬಿ ಅಂದರೆ ಬೂಷ್ಟು, ನಾವು ಫಂಗಸ್ ಅನ್ನುವುದು. ಕುಮೊರಿ ಅಂದರೆ ಗಾಜಿನ ಒಳಗಿನ ಮಸುಕು. ಕಿಝು ಅಂದರೆ ಗೀರು. ಚಿರಿ ಅಂದರೆ ಧೂಳು. ಜತೆಗೆ "ಜಂಕು" ಅಂತ ಪ್ರತ್ಯೇಕ ಬುಟ್ಟಿ ಇರುತ್ತೆ, ಅದು ಕೆಲಸ ಮಾಡುತ್ತೆ ಅನ್ನೋ ಭರವಸೆಯೇ ಇಲ್ಲದ ಮಾಲು, ವಾಪಸ್ ತಗೊಳ್ಳಲ್ಲ. ಫೋನಿನ ಅನುವಾದದ ಆ್ಯಪ್ ಹಿಡಿದರೂ ಚೀಟಿ ಓದಬಹುದು. ಆದರೆ ಪದ ಗೊತ್ತಿದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತೆ.

ಧೂಳಿಗೆ ಹೆದರಬೇಡಿ, ಹಳೆಯ ಲೆನ್ಸಿನಲ್ಲಿ ಇದ್ದೇ ಇರುತ್ತೆ, ಫೋಟೋದಲ್ಲಿ ಕಾಣಲ್ಲ. ಮುಂದಿನ ಗಾಜಿನ ಸಣ್ಣ ಗೀರಿಗೂ ಅಷ್ಟೇ. ಹಿಂದಿನ ಗಾಜಿನ ಗೀರು ಮಾತ್ರ ಕೆಟ್ಟದು. ಫಂಗಸ್, ಮಸುಕು ಎರಡಕ್ಕೂ ನಾನು ದೂರ. ಟಾರ್ಚನ್ನು ಒಂದು ತುದಿಯಿಂದ ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯ ಎಳೆಗಳ ಹಾಗೆ ಕವಲೊಡೆದಿದ್ದರೆ ಫಂಗಸ್. ಇಡೀ ಗಾಜು ಹಾಲು ಬೆರೆತ ನೀರಿನ ತರ ಇದ್ದರೆ ಮಸುಕು. ಅಪರ್ಚರ್ ಉಂಗುರ ತಿರುಗಿಸಿ ಒಳಗಿನ ಎಲೆಗಳು ಚಕ್ಕನೆ ಮುಚ್ಚುತ್ತವಾ, ಎಣ್ಣೆ ಮೆತ್ತಿದೆಯಾ ನೋಡಿ.

ಡಿಜಿಟಲ್ ಬಾಡಿ ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳಿ. ಕಂಪನಿಗಳು ಮಾಡೆಲ್ ನೋಡಿಕೊಂಡು ಒಂದು ಲಕ್ಷದಿಂದ ಐದು ಲಕ್ಷದವರೆಗೆ ಬಾಳಿಕೆ ಹೇಳುತ್ತವೆ. ನಿಕಾನ್, ಪೆಂಟ್ಯಾಕ್ಸ್ ಬಾಡಿಗಳಲ್ಲಿ ತೆಗೆದ ಫೋಟೋದ ಎಕ್ಸಿಫ್ ಮಾಹಿತಿಯೊಳಗೇ (ಫೋಟೋ ಫೈಲಿನ ಜತೆ ಕ್ಯಾಮೆರಾ ಬರೆದಿಡುವ ವಿವರ) ಆ ಸಂಖ್ಯೆ ಇರುತ್ತೆ. ಹಳೆಯ ಫಿಲ್ಮ್ ಕ್ಯಾಮೆರಾ ಮೇಲೆ ಮನಸ್ಸಾದರೆ ಹಿಂಬಾಗಿಲು ತೆಗೆದು ಅಂಚಿನ ಫೋಮ್ ಮುಟ್ಟಿ ನೋಡಿ. ಬೆರಳಿಗೆ ಕರೀ ಅಂಟು ಹತ್ತಿದರೆ ಅದನ್ನು ಬದಲಾಯಿಸಬೇಕು, ಅಷ್ಟೇನೂ ಖರ್ಚಿಲ್ಲ. ಲೈಟ್ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿ ಕೇಳುತ್ತಾ ಅಂತ ವಿಚಾರಿಸಿ. ಆ ಬ್ಯಾಟರಿ ಈಗ ತಯಾರಾಗಲ್ಲ.

ಹಂತ 7: ದುಡ್ಡು ಕೊಡುವಾಗ, ಚಿಲ್ಲರೆ ಸಾಮಾನು ಕೊಳ್ಳುವಾಗ

ಕಾರ್ಡ್ ಮೆಷಿನ್ "ಅಲ್ಲಿನ ದುಡ್ಡಾ, ನಿಮ್ಮ ದುಡ್ಡಾ" ಅಂತ ಕೇಳಿದರೆ ಅಲ್ಲಿನದ್ದೇ ಒತ್ತಿ. ನಿಮ್ಮ ದುಡ್ಡು ಅಂತ ಒತ್ತಿದರೆ ಮೆಷಿನ್ನಿನ ಕಂಪನಿ ತನಗೆ ಬೇಕಾದ ದರ ಹಾಕಿಕೊಳ್ಳುತ್ತೆ. ಜೋಪಾನ, ಕೆಲವು ಸಲ ಕೇಳದೇ ಅಂಗಡಿಯವರೇ ಒತ್ತಿಬಿಡ್ತಾರೆ. ಸಹಿ ಮಾಡುವ ಮುಂಚೆ ಚೀಟಿಯಲ್ಲಿ ಯಾವ ದುಡ್ಡು ಇದೆ ನೋಡಿ. ಇಷ್ಟು ದೊಡ್ಡ ಖರೀದಿಗೆ ನಗದಿಗಿಂತ ಕ್ರೆಡಿಟ್ ಕಾರ್ಡೇ ವಾಸಿ, ಜಗಳ ಬಂದರೆ ಬ್ಯಾಂಕಿಗೆ ದೂರು ಕೊಡಬಹುದು.

ಮೆಮೊರಿ ಕಾರ್ಡು, ಬ್ಯಾಟರಿಗಳಲ್ಲಿ ನಕಲಿ ಜಾಸ್ತಿ. ಬೀದಿಬದಿಯಲ್ಲಿ ಕೊಳ್ಳಲೇಬೇಡಿ. ಯುಎಚ್‌ಎಸ್-2 ಅನ್ನೋ ವೇಗದ ಕಾರ್ಡಿನ ಹಿಂದೆ ಎರಡು ಸಾಲು ಪಿನ್ ಇರಬೇಕು. ಒಂದೇ ಸಾಲು ಇದ್ದು ಮುಂದೆ ರೋಮನ್ ಎರಡು (II) ಅಂತ ಬರೆದಿದ್ದರೆ ಅದು ನಕಲಿ. ವಿ30, ವಿ60, ವಿ90 ಅಂದರೆ ಸೆಕೆಂಡಿಗೆ ಕನಿಷ್ಠ ಅಷ್ಟು ಮೆಗಾಬೈಟ್ ಬರೆಯುತ್ತೆ ಅಂತ. ಹೋಟೆಲಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಅನ್ನೋ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿದರೆ ಕಾರ್ಡಿನೊಳಗೆ ನಿಜವಾಗಿ ಎಷ್ಟು ಜಾಗ ಇದೆ ಅಂತ ಹೊರಬೀಳುತ್ತೆ.

ಹಂತ 8: ತೆರಿಗೆ ವಾಪಸ್

ಅಂಗಡಿಗೆ ಹೋಗುವಾಗ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಅದಿಲ್ಲದೆ ಫಾರ್ಮ್ ಸಿಗಲ್ಲ. ಎಲ್ಲ ದೇಶದಲ್ಲೂ ಈ ಸೌಲಭ್ಯ ಇಲ್ಲ ಅನ್ನೋದೂ ತಿಳಿದಿರಲಿ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಪ್ರವಾಸಿಗರು ಅಂಗಡಿಯಲ್ಲಿ ಕೊಂಡು ಕೈಯಲ್ಲಿ ಒಯ್ಯುವ ಮಾಲಿಗೆ 2021ರಿಂದ ವ್ಯಾಟ್ ವಾಪಸ್ ಕೊಡೋದನ್ನು ನಿಲ್ಲಿಸಿದ್ದಾರೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ರೀಫಂಡ್ ಪದ್ಧತಿ ಇಲ್ಲ. ಸಿಂಗಪುರದಲ್ಲಿ ಜಿಎಸ್‌ಟಿ 2024ರಿಂದ ಶೇ 9, ಕನಿಷ್ಠ 100 ಸಿಂಗಪುರ ಡಾಲರಿನ ಖರೀದಿ ಬೇಕು. ಜಪಾನಿನಲ್ಲಿ ಬಳಕೆ ತೆರಿಗೆ ಶೇ 10, ಅಂಗಡಿಯಲ್ಲೇ ಕಳೆದು ಬಿಲ್ ಕೊಡುವ ಪದ್ಧತಿ. ಅದು 2026ರ ನವೆಂಬರ್ 1ರಿಂದ ಬದಲು: ಪೂರ್ತಿ ದುಡ್ಡು ಕಟ್ಟಿ, ಹೊರಡುವಾಗ ಕಸ್ಟಮ್ಸ್ ದೃಢಪಡಿಸಿದ ಮೇಲೆ ವಾಪಸ್ ಪಡೆಯಬೇಕು.

ಯುರೋಪಿನ ಒಕ್ಕೂಟದಲ್ಲಿ ಮೂರ್ನಾಲ್ಕು ದೇಶ ಸುತ್ತುವವರು ಒಂದು ವಿಷಯ ಗಮನಿಸಿ. ಕಸ್ಟಮ್ಸ್ ಒಪ್ಪಿಗೆ ಸಿಗೋದು ಒಕ್ಕೂಟ ಬಿಡುವ ಕೊನೆಯ ಜಾಗದಲ್ಲಿ. ಪ್ಯಾರಿಸ್‌ನಲ್ಲಿ ಕೊಂಡು ರೋಮ್‌ನಿಂದ ಮನೆಗೆ ಹಾರಿದರೆ ರೋಮ್‌ನಲ್ಲೇ ಮುದ್ರೆ.

ವಿಮಾನ ನಿಲ್ದಾಣದಲ್ಲಿ ಕ್ರಮ ತಪ್ಪಬೇಡಿ. ಬ್ಯಾಗ್ ಚೆಕ್-ಇನ್ ಮಾಡುವ ಮುಂಚೆ ಕಸ್ಟಮ್ಸ್ ಕೌಂಟರ್. ಅವರು ವಸ್ತು ತೋರಿಸಿ ಅನ್ನಬಹುದು. ಬ್ಯಾಗ್ ಆಗಲೇ ಬೆಲ್ಟಿನ ಮೇಲೆ ಹೋಗಿದ್ದರೆ ಏನು ತೋರಿಸ್ತೀರಿ? ಕ್ಯಾಮೆರಾ ಹೇಗೂ ಕೈಚೀಲದಲ್ಲೇ ಇರಬೇಕು, ಬಿಲ್ಲೂ ಅದರ ಜತೆಗೇ ಇರಲಿ. ಸಾಲು ಉದ್ದ ಇರುತ್ತೆ, ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಹಂತ 9: ವಿಮಾನ, ಆಮೇಲೆ ನಿಮ್ಮ ದೇಶದ ಕಸ್ಟಮ್ಸ್

ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಬರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ತನಕ ವಿಮಾನ ಕಂಪನಿಯ ಅನುಮತಿ ಬೇಡ. 100ರಿಂದ 160ರವರೆಗೆ ಅನುಮತಿ ಕೇಳಬೇಕು, ಅದೂ ಎರಡೇ. ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. ಸೋನಿಯ ಎನ್‌ಪಿ-ಎಫ್‌ಝೆಡ್100 ಬ್ಯಾಟರಿ 7.2 ವೋಲ್ಟ್, 2.28 ಆಂಪಿಯರ್-ಅವರ್, ಅಂದರೆ 16.4. ಚಿಂತೆಯೇ ಇಲ್ಲ. ಲೋಹದ ತುದಿಗಳು ಒಂದಕ್ಕೊಂದು ತಾಗದ ಹಾಗೆ ಮುಚ್ಚಳ ಹಾಕಿ ಅಥವಾ ಟೇಪು ಅಂಟಿಸಿ.

ಫಿಲ್ಮ್ ಕೊಂಡಿದ್ದರೆ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಲೇಬೇಡಿ. ಅಲ್ಲಿನ ಎಕ್ಸ್-ರೇ ಫಿಲ್ಮನ್ನು ಹಾಳು ಮಾಡುತ್ತೆ. ಕೈಚೀಲಕ್ಕೂ ಈಗ ಹಲವು ನಿಲ್ದಾಣಗಳಲ್ಲಿ ಸಿಟಿ ಸ್ಕ್ಯಾನರ್ ಬಂದಿದೆ, ಅದೂ ಫಿಲ್ಮಿಗೆ ಒಳ್ಳೇದಲ್ಲ. ರೋಲುಗಳನ್ನು ಒಂದು ಪಾರದರ್ಶಕ ಚೀಲದಲ್ಲಿ ಹಾಕಿ, ಕೈಯಲ್ಲೇ ಪರೀಕ್ಷಿಸಿ ಅಂತ ಕೇಳಿಕೊಳ್ಳಿ.

ಇನ್ನು ಮನೆಗೆ ಬಂದ ಮೇಲಿನ ಸುಂಕ. ಪ್ರತಿ ದೇಶವೂ ಪ್ರವಾಸಿಗರಿಗೆ ಇಂತಿಷ್ಟು ಬೆಲೆಯವರೆಗೆ ವಿನಾಯಿತಿ ಕೊಡುತ್ತೆ, ಅದರ ಮೇಲಿನದಕ್ಕೆ ಸುಂಕ. ನಿಮ್ಮ ದೇಶದ ಮಿತಿ ಎಷ್ಟು ಅಂತ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿ. ಡಬ್ಬಿ ಬಿಸಾಕಿ, ಪಟ್ಟಿ ಕಟ್ಟಿ ಕೊರಳಿಗೆ ಹಾಕಿಕೊಂಡು "ಹಳೇದು ಸಾರ್" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತೆ. ಅದು ಸುಳ್ಳು ಘೋಷಣೆ. ಸಿಕ್ಕಿಬಿದ್ದರೆ ಸುಂಕದ ಜತೆ ದಂಡವೂ ಬೀಳುತ್ತೆ, ಕ್ಯಾಮೆರಾವನ್ನೇ ವಶಕ್ಕೆ ತಗೊಳ್ಳಬಹುದು. ತೆರಿಗೆ ವಾಪಸ್ ಪಡೆದ ಫಾರ್ಮಿನಲ್ಲಿ ನಿಮ್ಮ ಪಾಸ್‌ಪೋರ್ಟ್ ನಂಬರು, ಕ್ಯಾಮೆರಾದ ಹೆಸರು ಎರಡೂ ಇದೆ, ಅದನ್ನೂ ಮರೆಯಬೇಡಿ.

ಸುಂಕ ಕಟ್ಟಿದ ರಸೀದಿಯನ್ನು ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಸಲ ಅದೇ ಕ್ಯಾಮೆರಾ ಹಿಡಿದು ಹೊರದೇಶಕ್ಕೆ ಹೋಗಿ ಬರುವಾಗ "ಇದನ್ನೂ ಈಗಲೇ ಕೊಂಡದ್ದಾ?" ಅಂತ ಕೇಳಿದರೆ ಅದನ್ನೇ ತೋರಿಸೋದು. ಹಲವು ದೇಶಗಳಲ್ಲಿ ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಕ್ಯಾಮೆರಾ ತೋರಿಸಿ, ಸೀರಿಯಲ್ ನಂಬರು ಬರೆಸಿ ಒಂದು ಪ್ರಮಾಣಪತ್ರ ತಗೊಳ್ಳಬಹುದು. ಅಮೆರಿಕದಲ್ಲಿ ಅದಕ್ಕೆ ಫಾರ್ಮ್ 4457 ಅಂತಾರೆ. ಹತ್ತು ನಿಮಿಷದ ಕೆಲಸ. ಕೌಂಟರ್ ಎಲ್ಲಿದೆ ಅಂತ ಹುಡುಕೋಕೆ ಮಾತ್ರ ಅರ್ಧ ಗಂಟೆ ಬೇಕಾಗುತ್ತೆ, ಬ್ಯಾಗ್ ಕೊಡುವ ಮುಂಚೆಯೇ ವಿಚಾರಿಸಿಕೊಳ್ಳಿ.